ಗಂಟಲಿನ ಸ್ವಾಬ್: ನಮ್ಮ ಲ್ಯಾಬಿನಲ್ಲಿ ನಾನು ಮಾಡುವ ರೀತಿ

ನಾನು ಕೋಲಾರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಮಾವಿನ ಕಾಲದಲ್ಲಿ ಮಕ್ಕಳಿಗೆ ಗಂಟಲು ನೋವು ಬಂದರೆ ನಮ್ಮ ಕಡೆ 'ಹಣ್ಣು ತಿಂದು ಉಷ್ಣ ಆಗಿದೆ' ಅಂದುಬಿಡುತ್ತಾರೆ. ಹೆಚ್ಚಿನ ಸಲ ಅದು ವೈರಸ್, ತಾನಾಗೇ ವಾಸಿಯಾಗುತ್ತದೆ. ಆದರೆ ಸ್ಟ್ರೆಪ್ಟೋಕಾಕಸ್ ಪಯೋಜೆನಿಸ್ ಎಂಬ ಬ್ಯಾಕ್ಟೀರಿಯಾ ಇದ್ದರೆ ಸುಮ್ನೆ ಬಿಡುವಂತಿಲ್ಲ. ಕೆಲವು ಮಕ್ಕಳಿಗೆ ಎರಡು ಮೂರು ವಾರ ಕಳೆದ ಮೇಲೆ ರುಮ್ಯಾಟಿಕ್ ಜ್ವರ ಬಂದು, ಹೃದಯದ ಕವಾಟವೇ ಕೆಡಬಹುದು.

ಯಾವುದು ಅಂತ ತಿಳಿಯಲು ಹತ್ತಿ ಕಡ್ಡಿಯಿಂದ ಗಂಟಲಿನ ಸ್ವಾಬ್ ತೆಗೆಯುವ ಮೊದಲು ಒಂದೇ ಪ್ರಶ್ನೆ: "ಏನಮ್ಮಾ, ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ಕೊಟ್ಟಿದ್ದೀರಾ?" ಆ್ಯಂಟಿಬಯೋಟಿಕ್ ಒಳಗೆ ಹೋಗಿದ್ದರೆ ಬ್ಯಾಕ್ಟೀರಿಯಾ ಬೆಳೆಯದೇ ಇರಬಹುದು. ಆಮೇಲೆ ನಾಲಿಗೆ ಒತ್ತಿ, ಎರಡೂ ಟಾನ್ಸಿಲ್ ಮತ್ತು ಗಂಟಲಿನ ಹಿಂದಿನ ಗೋಡೆಯನ್ನು ಉಜ್ಜುತ್ತೇನೆ. ನಾಲಿಗೆ, ಕೆನ್ನೆಗೆ ತಾಗಿಸುವುದಿಲ್ಲ. ಮಗು ಓಕರಿಸುತ್ತದೆ, ಪಾಪ. ಆದರೆ ಮೆತ್ತಗೆ ಮುಟ್ಟಿ ತೆಗೆದ ಸ್ವಾಬ್‌ನಿಂದ ಏನೂ ಪ್ರಯೋಜನವಿಲ್ಲ.

ನಿಜವಾದ ಕೆಲಸ ಇರುವುದು ಪ್ಲೇಟಿನಲ್ಲಿ. ಬ್ಯಾಕ್ಟೀರಿಯಾ ಬೆಳೆಸಲು ಅದಕ್ಕೆ ಹಾಕುವ, ರಕ್ತ ಬೆರೆಸಿದ ಜೆಲ್ಲಿಯೇ ಬ್ಲಡ್ ಅಗಾರ್. ಇದಕ್ಕೆ ಕುರಿ ರಕ್ತವೇ ಬೇಕು. ಬ್ಲಡ್ ಬ್ಯಾಂಕಿನಲ್ಲಿ ಅವಧಿ ಮುಗಿದ ಮನುಷ್ಯ ರಕ್ತ ಸುಲಭವಾಗಿ ಸಿಗುತ್ತದೆ ಅಂತ ಕೆಲವರು ಬಳಸುತ್ತಾರೆ. ನಾನು ಬಳಸುವುದಿಲ್ಲ. ಅದರಲ್ಲಿರುವ ಪ್ರತಿಕಾಯಗಳಿಂದ ಫಲಿತಾಂಶ ಕೆಡಬಹುದು, ಸೋಂಕಿನ ಭಯ ಬೇರೆ. ಕುರಿಗಳಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ ಅಲ್ವಾ? ಪಶುವೈದ್ಯರು ತೆಗೆದುಕೊಟ್ಟ ರಕ್ತವನ್ನು ಗಾಜಿನ ಮಣಿ ಹಾಕಿದ ಫ್ಲಾಸ್ಕಿನಲ್ಲಿ ಅಲ್ಲಾಡಿಸುತ್ತಾ ಇರುತ್ತೇನೆ. ಮೊದಲು ಮಣಿಗಳು ಗಲಗಲ ಅನ್ನುತ್ತವೆ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಎಳೆಗಳು ಮಣಿಗಳಿಗೆ ಸುತ್ತಿಕೊಳ್ಳುತ್ತಾ ಹೋದಂತೆ ಸದ್ದು ಅಡಗುತ್ತದೆ. ಆಗ ರಕ್ತ ಸಿದ್ಧ. ಅಗಾರ್ 45–50 ಡಿಗ್ರಿಗೆ ಇಳಿದ ಮೇಲೆ ನೂರು ಮಿಲಿಗೆ 5 ಮಿಲಿ ರಕ್ತ ಬೆರೆಸುತ್ತೇನೆ. ಬಿಸಿ ಜಾಸ್ತಿ ಇದ್ದರೆ ರಕ್ತ ಕಂದಾಗಿ ಹಾಳಾಗುತ್ತದೆ.

ಪ್ಲೇಟಿನ ಮೇಲೆ ಸ್ವಾಬ್ ಉಜ್ಜಿ, ಲೂಪ್‌ನಿಂದ (ತುದಿಯಲ್ಲಿ ಬಳೆಯಿರುವ ತಂತಿ) ಗೆರೆ ಎಳೆದು, ಅಗಾರ್ ಒಳಗೂ ಎರಡು ಕಡೆ ಚುಚ್ಚುತ್ತೇನೆ. ಆಮ್ಲಜನಕ ಕಡಿಮೆ ಇರುವಲ್ಲಿ ಈ ಬ್ಯಾಕ್ಟೀರಿಯಾ ರಕ್ತಕಣ ಒಡೆಯುವುದು ಚೆನ್ನಾಗಿ ಕಾಣುತ್ತದೆ. ಮರುದಿನ ಪ್ಲೇಟನ್ನು ಬೆಳಕಿಗೆ ಹಿಡಿದರೆ ಪುಟ್ಟ ಬೂದು ಕಾಲೊನಿ (ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ), ಸುತ್ತ ರಕ್ತಕಣ ಒಡೆದ ದೊಡ್ಡ ತಿಳಿ ಉಂಗುರ. ಹಸಿರು ಉಂಗುರವಾದರೆ ಇದಲ್ಲ. ಏನೂ ಕಾಣದಿದ್ದರೆ ಇನ್ನೊಂದು ದಿನ ಇಡುತ್ತೇನೆ. ಬೆಳವಣಿಗೆ ತಡೆಯುತ್ತದಾ ಅಂತ ನೋಡುವ ಬ್ಯಾಸಿಟ್ರಾಸಿನ್ (ಒಂದು ಆ್ಯಂಟಿಬಯೋಟಿಕ್) ಡಿಸ್ಕ್ ಒಂದನ್ನೇ ನಂಬುವುದಿಲ್ಲ, ಸ್ಟ್ರೆಪ್ಟೋಕಾಕಸ್‌ನ ಗುಂಪು ಗುರುತಿಸುವ ಲೇಟೆಕ್ಸ್ ಪರೀಕ್ಷೆಯಲ್ಲಿ ಎ ಗುಂಪು, ಅಂದರೆ ಇದೇ ಬ್ಯಾಕ್ಟೀರಿಯಾ ಅಂತ ಖಚಿತ ಮಾಡಿಕೊಳ್ಳುತ್ತೇನೆ.

ಗಂಟಲು ನೋವಿಗೆ ಎಎಸ್‌ಒ (ಈ ಬ್ಯಾಕ್ಟೀರಿಯಾ ವಿರುದ್ಧದ ಪ್ರತಿಕಾಯ ನೋಡುವ ರಕ್ತಪರೀಕ್ಷೆ) ಬರೆದು ಕಳಿಸುವವರು ಇನ್ನೂ ಇದ್ದಾರೆ. ಅದು ಹಿಂದೆ ಆಗಿಹೋದ ಸೋಂಕಿನ ಸುಳಿವು. ಇವತ್ತಿನ ಗಂಟಲಿಗೆ ಹೀಗೆ ಪ್ಲೇಟಿನಲ್ಲಿ ಬೆಳೆಸಿ ನೋಡುವ ಕಲ್ಚರೇ ಸರಿ.

ಪಾಸಿಟಿವ್ ಬಂದರೆ ರಿಪೋರ್ಟ್ ಪ್ರಿಂಟ್ ಆಗುವ ಮುಂಚೆಯೇ ಡಾಕ್ಟರಿಗೆ ಫೋನ್ ಮಾಡುತ್ತೇನೆ. ನೋವು ಶುರುವಾಗಿ 9 ದಿನದೊಳಗೆ ಔಷಧಿ ಬಿದ್ದರೂ ರುಮ್ಯಾಟಿಕ್ ಜ್ವರ ತಡೆಯಬಹುದು. ಈ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಇವತ್ತಿಗೂ ಬಗ್ಗುತ್ತದೆ. ಆದರೆ ಮಾತ್ರೆಯನ್ನು ಪೂರ್ತಿ 10 ದಿನ ಕೊಡಬೇಕು. ಜ್ವರ ಇಳಿದ ಕೂಡಲೇ ನಿಲ್ಲಿಸುವವರೇ ಜಾಸ್ತಿ. ಅದಕ್ಕೇ ರಿಪೋರ್ಟ್ ಕೊಡುವಾಗ ಕೌಂಟರಿನಲ್ಲೇ ಇಷ್ಟು ಹೇಳಿ ಕಳಿಸುತ್ತೇನೆ.