ಪಕ್ಕದ ಮನೆ ಜನರೇಟರ್ ಸದ್ದು: ನಾವು ಕಡಿಮೆ ಮಾಡಿಕೊಂಡ ಬಗೆ

ಬೆಂಗಳೂರಿನ 30x40 ಸೈಟುಗಳಲ್ಲಿ ಎರಡು ಮನೆಗಳ ನಡುವೆ ಉಳಿಯುವ ಜಾಗ ಎಷ್ಟು ಅಂತ ಎಲ್ಲರಿಗೂ ಗೊತ್ತು. ಪಕ್ಕದವರು ಹೊಸ ಮನೆಗೆ ಲಿಫ್ಟ್ ಹಾಕಿಸಿದರು. ಅದಕ್ಕಾಗಿ 25 ಕೆವಿಎ ಡೀಸೆಲ್ ಜನರೇಟರ್ ಕೂಡ ಬಂತು. ಅದು ಕೂತಿದ್ದು ಕಾಂಪೌಂಡಿನ ಆ ಕಡೆ, ನಮ್ಮ ಮಲಗುವ ಕೋಣೆ ಕಿಟಕಿಯ ಎದುರಿಗೇ. ರಾತ್ರಿ ಕರೆಂಟ್ ಹೋದರೆ ತಾನಾಗಿಯೇ ಶುರುವಾಗುತ್ತಿತ್ತು. ಮನೆಯಲ್ಲಿ ಚಿಕ್ಕ ಮಗು. ಎದ್ದರೆ ಮತ್ತೆ ಮಲಗುತ್ತಿರಲಿಲ್ಲ.

ಮಾತಾಡಲು ಹೋಗುವ ಮೊದಲು, ಸದ್ದು ಯಾವ ದಾರಿಯಲ್ಲಿ ಬರುತ್ತಿದೆ ಅಂತ ಹುಡುಕಿದೆ. ಅರ್ಧ ಕೆಲಸ ಇಲ್ಲೇ ಆಗುತ್ತದೆ. ಇಂಜಿನ್ನಿನ ಗರಗರ ಬೇರೆ, ಹೊಗೆ ಪೈಪಿನ ಬಾಯಿಂದ ಬರುವ ಡಬಡಬ ಬೇರೆ, ನೆಲ ಮತ್ತು ಗೋಡೆ ಹಿಡಿದು ಬರುವ ನಡುಕ ಬೇರೆ. ಕಿಟಕಿ ಮುಚ್ಚಿದಾಗ ಗರಗರ ಇಳಿಯಿತು, ಡಬಡಬ ಹಾಗೇ ಉಳಿಯಿತು. ಕಾಂಪೌಂಡಿಗೆ ಅಂಗೈ ಇಟ್ಟರೆ ನಡುಕ ಗೊತ್ತಾಗುತ್ತಿತ್ತು. ಅಂದರೆ ದಪ್ಪ ಪರದೆ, ಫೋಮು ಇದಕ್ಕೆಲ್ಲ ದುಡ್ಡು ಹಾಕಿ ಪ್ರಯೋಜನವಿಲ್ಲ. ಭಾರವಾದ ಆ ಸದ್ದು ಅವುಗಳಿಗೆ ಜಗ್ಗುವುದಿಲ್ಲ.

ನಿಯಮವನ್ನೂ ಓದಿಕೊಂಡೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಸದ್ದು ಈ ಮಿತಿಯನ್ನು 10 ಡೆಸಿಬಲ್ ಅಥವಾ ಅದಕ್ಕಿಂತ ಜಾಸ್ತಿ ಮೀರಿದರೆ ದೂರು ಕೊಡಬಹುದು. ಆದರೆ 2005ರಿಂದ ತಯಾರಾದ ಡೀಸೆಲ್ ಜನರೇಟರುಗಳಿಗೆ ಇರುವ ಮಿತಿ, ಯಂತ್ರವನ್ನು ಮುಚ್ಚಿರುವ ಪೆಟ್ಟಿಗೆಯಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್. ಬಯಲಿನಲ್ಲಿ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಆ ಲೆಕ್ಕದಲ್ಲಿ 4 ಮೀಟರ್ ಆಚೆಯೂ 63 ಡೆಸಿಬಲ್ ಉಳಿಯಿತು. ಎರಡು ಗೋಡೆಗಳ ನಡುವೆ ಅಷ್ಟೂ ಇಳಿಯುವುದಿಲ್ಲ. ನಿಯಮದಂತೆ ತಯಾರಾದ ಯಂತ್ರವೇ ಪಕ್ಕದ ಮನೆಯವರ ನಿದ್ದೆ ಕೆಡಿಸಬಹುದು ಅಂತಾಯಿತು, ಅಲ್ವಾ? ಫೋನಿನ ಆ್ಯಪ್‌ನಲ್ಲಿ ಅಳೆದರೆ ಅಂದಾಜು ಸಿಗುತ್ತದೆ ಅಷ್ಟೇ. ದೂರಿಗೆ ಅದು ಸಾಕ್ಷಿಯಲ್ಲ.

ಒಂದು ಭಾನುವಾರ ಅವರ ಮನೆಗೆ ಹೋದೆ. "ಅಂಕಲ್, ಜನರೇಟರ್ ತೆಗೀರಿ ಅಂತ ಹೇಳೋಕೆ ಬಂದಿಲ್ಲ. ಅದನ್ನ ಆನ್ ಮಾಡಿ, ಒಂದ್ಸಲ ನಮ್ಮ ರೂಮಿಗೆ ಬಂದು ಕೂತ್ಕೊಳ್ಳಿ" ಅಂದೆ. ಬಂದರು. ಐದು ನಿಮಿಷ ಸುಮ್ನೆ ಕೂತರು. "ನಮ್ಮನೆ ಒಳಗೆ ಇಷ್ಟು ಕೇಳ್ಸೋದೇ ಇಲ್ವಲ್ಲಪ್ಪಾ" ಅಂದರು. ನಿಜವೇ. ಪೈಪಿನ ಬಾಯಿ ಇದ್ದದ್ದು ನಮ್ಮ ಕಡೆಗೆ. ಆಂಟಿಗೆ ಮಂಡಿ ನೋವು, ಲಿಫ್ಟ್ ಇಲ್ಲದೆ ಆಗುವುದಿಲ್ಲ. ಅದೂ ನನಗೆ ಅರ್ಥವಾಯಿತು.

ಮೆಕ್ಯಾನಿಕ್ ಬಂದು ನೋಡಿದಾಗ ಕಾರಣಗಳು ಸಿಕ್ಕವು. ಯಂತ್ರವನ್ನು ನೇರವಾಗಿ ಕಾಂಕ್ರೀಟಿಗೆ ಬೋಲ್ಟ್ ಮಾಡಿದ್ದರು. ಹೊಗೆ ಪೈಪನ್ನು ಕಬ್ಬಿಣದ ಕ್ಲಾಂಪಿನಿಂದ ಕಾಂಪೌಂಡಿಗೇ ಬಿಗಿದಿದ್ದರು. ಯಂತ್ರದ ಕೆಳಗೆ ನಡುಕ ತಡೆಯುವ ರಬ್ಬರ್ ಮೌಂಟು ಹಾಕಿಸಿದೆವು. ಇಂಜಿನ್ ಮತ್ತು ಪೈಪಿನ ನಡುವೆ ಬೆಲ್ಲೋ ಅನ್ನುವ ಬಳುಕುವ ಕೊಳವೆ ಹಾಕಿಸಿ, ಕ್ಲಾಂಪನ್ನು ಕಾಂಪೌಂಡಿನಿಂದ ಬಿಡಿಸಿದೆವು. ವಸತಿ ಪ್ರದೇಶಗಳಲ್ಲಿ ಬಳಸುವಂಥ ದೊಡ್ಡ ಸೈಲೆನ್ಸರ್ ಬಂತು. ಪೈಪನ್ನು ಅವರ ಟೆರೇಸಿಗಿಂತ ಮೇಲಕ್ಕೆ ಒಯ್ದೆವು. 25 ಕೆವಿಎಗೆ ಹೊಗೆ ಪೈಪು ಕಟ್ಟಡಕ್ಕಿಂತ 1 ಮೀಟರ್ ಎತ್ತರ ಇರಬೇಕು ಅಂತ ಲೆಕ್ಕವೇ ಇದೆ. ನಮ್ಮ ಕೋಣೆಗೆ ಬರುತ್ತಿದ್ದ ಹೊಗೆಯೂ ನಿಂತಿತು. ರಬ್ಬರ್ ಮೌಂಟಿನ ಖರ್ಚು ನಾನೇ ಕೊಟ್ಟೆ. ಉಳಿದದ್ದು ಅವರದು.

ಜನರೇಟರ್ ಸುತ್ತ ತಗಡು ಹೊಡೆದು ಮುಚ್ಚೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಗಾಳಿ ಒಳಹೋಗಿ ಬಿಸಿ ಹೊರಬರಲು ದಾರಿ ಬೇಕೇ ಬೇಕು. ಇಲ್ಲದಿದ್ದರೆ ಇಂಜಿನ್ ಕಾದು ಕೆಡುತ್ತದೆ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಒಳಗೇ ನಿಂತರೆ ಪ್ರಾಣಕ್ಕೇ ಅಪಾಯ.

ಇಷ್ಟಾದರೂ ರಾತ್ರಿಯ ಸಮಸ್ಯೆ ಪೂರ್ತಿ ಹೋಗಲಿಲ್ಲ. ರಾತ್ರಿ ಲಿಫ್ಟ್ ಯಾರೂ ಬಳಸುವುದಿಲ್ಲ. ಬೇಕಾದದ್ದು ನಾಲ್ಕು ಫ್ಯಾನು, ಕೆಲವು ಬಲ್ಬು, ವೈಫೈ. ಎಲ್ಲ ಸೇರಿ 350 ವಾಟ್ ದಾಟುವುದಿಲ್ಲ. 150 ಎಎಚ್ ಬ್ಯಾಟರಿಯ ಯುಪಿಎಸ್ ಅದನ್ನು 3-4 ಗಂಟೆ ಓಡಿಸುತ್ತದೆ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅಂಕಲ್ ಯುಪಿಎಸ್ ಹಾಕಿಸಿದರು. ರಾತ್ರಿ ಹತ್ತರ ನಂತರ ಆಟೋ ಸ್ಟಾರ್ಟ್ ಆಫ್ ಮಾಡುತ್ತಾರೆ. ತೀರಾ ಬೇಕಾದರೆ ಕೈಯಿಂದ ಆನ್ ಮಾಡುತ್ತಾರೆ, ಮೊದಲು ನನಗೊಂದು ಮೆಸೇಜ್ ಹಾಕುತ್ತಾರೆ.

ಸೈಲೆನ್ಸರ್ ಒಳಗೆ ತುಕ್ಕು ಹಿಡಿದರೆ, ರಬ್ಬರ್ ಗಟ್ಟಿಯಾದರೆ ಸದ್ದು ಮತ್ತೆ ಏರುತ್ತದೆ. ಹಾಗಾಗಿ ಸರ್ವೀಸಿಗೆ ಮೆಕ್ಯಾನಿಕ್ ಬಂದಾಗಲೆಲ್ಲ ಅಂಕಲ್ ಕರೆಯುತ್ತಾರೆ, ನಾನೂ ಹೋಗಿ ಅವೆರಡನ್ನೂ ನೋಡಿ ಬರುತ್ತೇನೆ.