ಹಾಳೆ ತುಂಬ ಬರೀ 'ಕೆ'

ಊರಲ್ಲಿದ್ದಾಗ ಕ್ಲಬ್ ಕ್ರಿಕೆಟ್ ಮ್ಯಾಚ್‌ಗಳಿಗೆ ಸ್ಕೋರ್ ಬರೆಯುತ್ತಿದ್ದೆ. ಶಿಕಾಗೋಗೆ ಬಂದ ಮೇಲೆ ಬೇಸ್‌ಬಾಲ್ ಸ್ಕೋರ್ ಬರೆಯುವುದನ್ನೂ ಕಲಿಯೋಣ ಅನ್ನಿಸಿತು. ಅಭ್ಯಾಸಕ್ಕೆ ಹಳೆಯ ವಿಡಿಯೊ ಒಂದನ್ನು ಹಾಕಿಕೊಂಡೆ. 1998ರ ಮೇ 6, ರಿಗ್ಲಿ ಫೀಲ್ಡ್, ಶಿಕಾಗೋ ಕಬ್ಸ್ ಮತ್ತು ಹ್ಯೂಸ್ಟನ್ ಆಸ್ಟ್ರೋಸ್. ಕಬ್ಸ್‌ನ ಪಿಚರ್ (ಚೆಂಡು ಎಸೆಯುವವ) ಕೆರ್ರಿ ವುಡ್‌ಗೆ ಆಗಿನ್ನೂ 20 ವರ್ಷ. ಮೇಜರ್ ಲೀಗ್‌ನಲ್ಲಿ ಅದು ಅವನ ಐದನೇ ಮ್ಯಾಚು. ಬಿದ್ದ 27 ಔಟ್‌ಗಳಲ್ಲಿ 20 ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್. ಸ್ಟ್ರೈಕ್‌ಔಟ್‌ಗೆ ಶೀಟಿನಲ್ಲಿ ಇಂಗ್ಲಿಷಿನ 'ಕೆ' (K) ಅಂತ ಬರೆದರೆ ಆಯ್ತು. ಇದಕ್ಕಿಂತ ಸುಲಭದ ಮ್ಯಾಚ್ ಎಲ್ಲಿ ಸಿಗುತ್ತೆ ಅಂದುಕೊಂಡೆ.

ಸುಲಭವೇನೂ ಆಗಲಿಲ್ಲ. ಬ್ಯಾಟರ್ ಬ್ಯಾಟ್ ಬೀಸದೆ ಸುಮ್ನೆ ನೋಡುತ್ತ ನಿಂತು ಔಟಾದರೆ 'ಕೆ'ಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ನನ್ನ ಕೈ ಅದಕ್ಕೆ ಬಗ್ಗಲೇ ಇಲ್ಲ. ಮೊದಲ ಐವರೂ ಸಾಲಾಗಿ ಸ್ಟ್ರೈಕ್‌ಔಟ್ ಆದರು. ನಾನು ಎರಡು ಸಲ ವಿಡಿಯೊ ನಿಲ್ಲಿಸಿ ಪೆನ್ಸಿಲ್ ಚೂಪು ಮಾಡಿಕೊಂಡೆ.

ನಿಜವಾಗಿ ಸಿಕ್ಕಿಹಾಕಿಕೊಂಡದ್ದು ಮೂರನೇ ಇನ್ನಿಂಗ್ಸ್‌ನಲ್ಲಿ. ಹ್ಯೂಸ್ಟನ್‌ನ ರಿಕಿ ಗುಟಿಯೆರೆಜ್ ಹೊಡೆದ ಚೆಂಡು ಮೂರನೇ ಬೇಸ್ ಕಡೆ ನುಗ್ಗಿತು. ಅಲ್ಲಿದ್ದ ಕೆವಿನ್ ಓರಿ ಕೈ ಚಾಚಿದ. ಚೆಂಡು ಗ್ಲೌಸ್‌ಗೆ ತಾಗಿ ದಾಟಿ ಹೋಯಿತು. ನಾನು ತಡಮಾಡದೆ 'ಇ-5' ಅಂತ ಬರೆದೆ. ಅಂದರೆ ಐದನೇ ನಂಬರಿನ, ಮೂರನೇ ಬೇಸ್ ಕಾಯುವ ಫೀಲ್ಡರ್‌ನ ತಪ್ಪು. ಕ್ರಿಕೆಟ್‌ನಲ್ಲಿ ಮಿಸ್‌ಫೀಲ್ಡ್ ಆದರೂ ಓಡಿದ ರನ್ ಬ್ಯಾಟ್ಸ್‌ಮನ್‌ದೇ, ಸ್ಕೋರರ್‌ಗೆ ತಲೆನೋವಿಲ್ಲ. ಇಲ್ಲಿ ಹಾಗಲ್ಲ. ಅದು ಹಿಟ್ಟೋ (ತನ್ನ ಹೊಡೆತದಿಂದಲೇ ಬ್ಯಾಟರ್ ಬೇಸ್ ತಲುಪಿದ್ದು) ಫೀಲ್ಡರ್‌ನ ತಪ್ಪೋ ಅಂತ ತೀರ್ಮಾನ ಮಾಡುವುದೇ ಸ್ಕೋರರ್. ಅಂದಿನ ಸ್ಕೋರರ್ ಹಿಟ್ ಅಂದರು. ಇಡೀ ಮ್ಯಾಚಿನಲ್ಲಿ ವುಡ್ ಕೊಟ್ಟದ್ದು ಅದೊಂದೇ ಹಿಟ್! ತಪ್ಪು ಅಂದಿದ್ದರೆ ಅದು ನೋ-ಹಿಟ್ಟರ್, ಅಂದರೆ ಒಂದೂ ಹಿಟ್ ಕೊಡದ ಮ್ಯಾಚ್ ಆಗುತ್ತಿತ್ತು. ಆ ತುಣುಕನ್ನು ಆರೇಳು ಸಲ ಹಿಂದೆ ಓಡಿಸಿ ನೋಡಿದೆ. ಹಿಡಿಯುವ ಚೆಂಡೇ ಅದು ಅಂತ ಈಗಲೂ ನನಗನ್ನಿಸುತ್ತದೆ.

ಇನ್ನೊಂದು ಎಡವಟ್ಟು ಪಿಚ್, ಅಂದರೆ ಎಸೆತಗಳ ಲೆಕ್ಕದ್ದು. ಪ್ರತಿ ಎಸೆತಕ್ಕೂ ಶೀಟಿನಲ್ಲಿ ಆ ಬ್ಯಾಟರ್‌ನ ಮನೆಯ ಮೂಲೆಯಲ್ಲಿ ಒಂದು ಗೀಟು ಹಾಕುತ್ತ ಹೋದೆ. ಕೊನೆಗೆ ಕೂಡಿದರೆ 119. ಅಧಿಕೃತ ಲೆಕ್ಕ 122. ಎರಡು ಸ್ಟ್ರೈಕ್ ಆದ ಮೇಲೆ ಫೌಲ್ (ಗೆರೆಯಾಚೆ) ಹೊಡೆದರೆ ಸ್ಟ್ರೈಕ್ ಏರುವುದಿಲ್ಲ, ಆದರೆ ಪಿಚ್ ಪಿಚ್ಚೇ ಅಲ್ವಾ? ಅಂಥ ಮೂರನ್ನು ಬಿಟ್ಟಿದ್ದೆ.

ಏಳು, ಎಂಟನೇ ಇನ್ನಿಂಗ್ಸ್ ಹೊತ್ತಿಗೆ ಬೇರೆ ಏನೂ ಬರೆಯುವ ಕೆಲಸವೇ ಇರಲಿಲ್ಲ. ಇನ್ನಿಂಗ್ಸ್‌ಗೆ ಮೂರು ಔಟ್, ಆರಕ್ಕೆ ಆರೂ 'ಕೆ'. ಬ್ಯಾಗ್‌ವೆಲ್, ಹೋವೆಲ್, ಅಲೂ ಒಬ್ಬರ ಹಿಂದೊಬ್ಬರು ಬರುವ ಬ್ಯಾಟರ್‌ಗಳು. ಮೂವರೂ ಮೂರು ಮೂರು ಸಲ ಬಂದು ಮೂರೂ ಸಲ ಸ್ಟ್ರೈಕ್‌ಔಟ್. ಶೀಟಿನ ನಡುವೆ ಒಂಬತ್ತು ಮನೆಗಳಲ್ಲಿ ಒಂದೇ ಅಕ್ಷರ. ಇವರೇನು ಕಳಪೆ ತಂಡದವರಲ್ಲ, ಆ ವರ್ಷ ಹ್ಯೂಸ್ಟನ್ 102 ಮ್ಯಾಚ್ ಗೆದ್ದಿತ್ತು.

ಕಬ್ಸ್ 2-0ಯಿಂದ ಗೆದ್ದರು. ವುಡ್ ಒಂದೂ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಬಿಟ್ಟಿ ಬೇಸ್) ಕೊಡಲಿಲ್ಲ. ಹ್ಯೂಸ್ಟನ್ ಬ್ಯಾಟರ್ ಬಿಜಿಯೊಗೆ ಒಂದು ಚೆಂಡು ತಾಗಿಸಿದ, ಅಷ್ಟೆ.

ಕಾಫಿ ತಂದಿಟ್ಟ ಹೆಂಡತಿ ಹಾಳೆ ಇಣುಕಿ ನೋಡಿ, "ಏನ್ರೀ ಇದು, ಕಾಪಿ ಬರೀತಾ ಕೂತಿದೀರಾ?" ಅಂದಳು. ಆಮೇಲೆ ಗುಟಿಯೆರೆಜ್‌ನ ಮನೆಯ ಮೇಲೆ ಬೆರಳಿಟ್ಟಳು. ಅಳಿಸಿ ಅಳಿಸಿ ಕಾಗದ ಅಲ್ಲಿ ತೆಳ್ಳಗಾಗಿ ಹರಿದಿತ್ತು.