ಬ್ಯಾಕ್‌ಗ್ಯಾಮನ್ ಪ್ರೋಗ್ರಾಂ ಅನ್ನು ಅದರ ಜೊತೆಗೇ ಆಡಿಸಿ ನೋಡಿದೆ

“ಈ ಫೋನು ದಾಳದಲ್ಲಿ ಮೋಸ ಮಾಡ್ತದೆ” ಅಂತ, ಫೋನಿನ ಜೊತೆ ಬ್ಯಾಕ್‌ಗ್ಯಾಮನ್ ಆಡುತ್ತಿದ್ದ ಮಾವ ಹೇಳಿದಲ್ಲಿಂದ ಇದೆಲ್ಲ ಶುರುವಾಯಿತು.

ತೀರ್ಥಹಳ್ಳಿ ಹತ್ತಿರದ ನಮ್ಮ ಮಾವನ ಮನೆಯಲ್ಲಿ ಮಳೆಗಾಲ ಅಂದರೆ ಚೌಕಾಬಾರ. ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಕವಡೆ ಹಾಕಿ, ಕಾಯಿ ಹಣ್ಣಾಗುವ ತನಕ ಯಾರೂ ಏಳುವುದಿಲ್ಲ. ಮಾವನಿಗೆ ಬ್ಯಾಕ್‌ಗ್ಯಾಮನ್ ಕಲಿಸಿದ್ದು ನಾನೇ. ಇಬ್ಬರ ಆಟ, ಎರಡು ದಾಳ, 24 ಮನೆ, ಒಬ್ಬೊಬ್ಬರಿಗೆ 15 ಕಾಯಿ. ಒಂಟಿ ಕಾಯಿ ಸಿಕ್ಕರೆ ಹೊಡೆಯಬಹುದು. ಎಲ್ಲ ಕಾಯಿಯನ್ನೂ ಮೊದಲು ಹೊರಗೆ ತೆಗೆದವರು ಗೆದ್ದರು. ಚೌಕಾಬಾರ ಬಲ್ಲವರಿಗೆ ಕಷ್ಟವೇ ಅಲ್ಲ.

“ನೋಡೋ ಮಾರಾಯ, ಮತ್ತೆ ಜೋಡಿ ಆರು. ಇದಕ್ಕೆ ಬೇಕಾದಾಗಲೆಲ್ಲ ಬೀಳ್ತದೆ” ಅಂದರು.

“ಎಣಿಸಿಯೇ ನೋಡೋಣ ಮಾವ” ಅಂದೆ. ಶಿವಮೊಗ್ಗದಲ್ಲಿ ನನ್ನ ಕೆಲಸವೇ ಸಾಫ್ಟ್‌ವೇರ್ ಟೆಸ್ಟಿಂಗ್. ಎಣಿಸದೆ ಏನನ್ನೂ ಒಪ್ಪುವುದು ನನಗೆ ಆಗುವುದಿಲ್ಲ.

ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಮಾವ ಗೆರೆ ಎಳೆಯುತ್ತಾ ಹೋದರು. ಫೋನಿಗೆ ಬಿದ್ದ 360 ಗರ ಬರೆದರು. ಆರರಲ್ಲಿ ಒಂದು ಡಬಲ್ (ಎರಡೂ ದಾಳದಲ್ಲಿ ಒಂದೇ ಸಂಖ್ಯೆ) ಬೀಳಬೇಕು, ಅಂದರೆ 60. ಅದೃಷ್ಟದ ಏರಿಳಿತದಲ್ಲಿ 46ರಿಂದ 74ರ ತನಕ ಬಂದರೂ ಆಶ್ಚರ್ಯಪಡಬೇಕಾಗಿಲ್ಲ. ಬಂದದ್ದು 66. ಮೋಸ ಅನ್ನಲು ಏನೂ ಸಿಗಲಿಲ್ಲ.

ಹಾಗಾದರೆ ಮಾವನಿಗೆ ಹಾಗೆ ಅನಿಸಿದ್ದು ಯಾಕೆ? ಅವರ ಆಟವನ್ನೇ ಕೂತು ನೋಡಿದೆ. ಅವರು ಒಂಟಿ ಕಾಯಿಯನ್ನು ಎದುರಾಳಿಯಿಂದ ಆರು ಮನೆ ದೂರದಲ್ಲಿ ಬಿಡುತ್ತಿದ್ದರು. ನಡುವೆ ಅಡ್ಡ ಏನೂ ಇಲ್ಲದಿದ್ದರೆ ಅದನ್ನು ಹೊಡೆಯಲು 36ರಲ್ಲಿ 17 ಗರ ಇವೆ. ಪ್ರೋಗ್ರಾಂ ಏಳು ಮನೆ ದೂರ ಬಿಡುತ್ತಿತ್ತು. ಅಲ್ಲಿಗೆ ಬರೀ 6 ಗರ. ಒಂದೇ ಒಂದು ಮನೆಯ ವ್ಯತ್ಯಾಸ! ಅದಕ್ಕೆ ಒಳ್ಳೆಯ ಗರ ಬೀಳುತ್ತಿರಲಿಲ್ಲ. ಬಿದ್ದ ಗರ ಒಳ್ಳೆಯದಾಗುವ ಹಾಗೆ ಅದು ಕಾಯಿ ಇಡುತ್ತಿತ್ತು.

ದಾಳದ ಅನುಮಾನ ಹೋಯಿತು. ಆದರೆ ನನಗೆ ಬೇರೆ ಪ್ರಶ್ನೆ ಹುಟ್ಟಿತು. ಈ ಪ್ರೋಗ್ರಾಂಗಳು “ನೀನು ಗೆಲ್ಲುವ ಸಾಧ್ಯತೆ ಶೇ 70” ಅನ್ನುತ್ತವಲ್ಲ, ಅದನ್ನು ಎಷ್ಟು ನಂಬಬಹುದು?

ಪರೀಕ್ಷೆಗೆ ಗ್ನೂ ಬ್ಯಾಕ್‌ಗ್ಯಾಮನ್ ತೆಗೆದುಕೊಂಡೆ. ಉಚಿತ, ಸೋರ್ಸ್ ಕೋಡ್ ತೆರೆದಿದೆ, ಕಮಾಂಡ್ ಕೊಟ್ಟು ರಾತ್ರಿಯಿಡೀ ಆಡಿಸಬಹುದು. ಪ್ರೋಗ್ರಾಂ ತನ್ನ ಜೊತೆ ತಾನೇ ಆಡುವುದು ಹೊಸತಲ್ಲ. ಐಬಿಎಂನಲ್ಲಿ ಜೆರಾಲ್ಡ್ ಟೆಸಾರೊ 1990ರ ದಶಕದ ಶುರುವಿನಲ್ಲಿ ಮಾಡಿದ ಟಿಡಿ-ಗ್ಯಾಮನ್ ಕಲಿತದ್ದೇ ಹಾಗೆ. ಅದರ ಒಂದು ಆವೃತ್ತಿ ಸುಮಾರು 15 ಲಕ್ಷ ಆಟ ತನ್ನ ಜೊತೆಗೇ ಆಡಿತ್ತು.

ಮೊದಲ ರಾತ್ರಿ ಒಂದೇ ಪ್ರೋಗ್ರಾಂ, ಒಂದೇ ಸೆಟ್ಟಿಂಗ್, ಎರಡೂ ಕಡೆ ಕೂರಿಸಿದೆ. ಒಂದು ಪಾಯಿಂಟಿನ 100 ಆಟ. ಬೆಳಿಗ್ಗೆ ನೋಡಿದರೆ 57-43! ಎರಡೂ ಕಡೆ ಇರುವುದು ಒಂದೇ, ಅಲ್ವಾ? ಪೆನ್ನು ಹಿಡಿದು ಲೆಕ್ಕ ಹಾಕಿದೆ. 100 ಆಟದಲ್ಲಿ ಐದಾರು ಆಟ ಆಚೀಚೆ ಆಗುವುದು ಮಾಮೂಲಿ. ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಹೆಚ್ಚುಕಡಿಮೆ ಐದು ಸಲಕ್ಕೆ ಒಂದು ಸಲ ಸುಮ್ನೆ ಬರುತ್ತದೆ. ಈ ಏರಿಳಿತ ಅರ್ಧ ಆಗಬೇಕಾದರೆ ನಾಲ್ಕು ಪಟ್ಟು ಆಟ ಬೇಕು. ಶೇ 0.5ಕ್ಕೆ ಇಳಿಸಲು 10,000 ಆಟ.

ಕಡಿಮೆ ಆಟದ ಸ್ಕೋರಿನಲ್ಲಿ ಅದೃಷ್ಟ ಎಷ್ಟು ಅನ್ನುವುದಕ್ಕೆ ಒಂದು ಹಳೆಯ ಉದಾಹರಣೆ ಇದೆ. 1979ರಲ್ಲಿ ಮಾಂಟೆ ಕಾರ್ಲೊದಲ್ಲಿ ಕಂಪ್ಯೂಟರ್ ವಿಜ್ಞಾನಿ ಹ್ಯಾನ್ಸ್ ಬರ್ಲಿನರ್ ಅವರ ಬ್ಯಾಕ್‌ಗ್ಯಾಮನ್ ಪ್ರೋಗ್ರಾಂ ಬಿಕೆಜಿ 9.8 ಆಗಿನ ವಿಶ್ವ ಚಾಂಪಿಯನ್ ಲುಯಿಜಿ ವಿಲ್ಲಾ ಅವರನ್ನು 7-1ರಲ್ಲಿ ಸೋಲಿಸಿತು. ತಮ್ಮ ಪ್ರೋಗ್ರಾಂಗೆ ದಾಳ ಚೆನ್ನಾಗಿ ಬಿದ್ದಿತ್ತು ಅಂತ ಬರ್ಲಿನರ್ ಅವರೇ ಬರೆದರು. ಗೆದ್ದ ಮೇಲೂ ಹಾಗೆ ಬರೆದ ಆ ಮನುಷ್ಯನ ಬಗ್ಗೆ ನನಗೆ ತುಂಬಾ ಗೌರವ.

ಅದೃಷ್ಟವನ್ನು ಕಡಿಮೆ ಮಾಡಲು ಒಂದು ದಾರಿ ಇದೆ. ಒಂದು ಸೀಡ್ (ಕಂಪ್ಯೂಟರಿನ ದಾಳದ ಸಾಲನ್ನು ಶುರು ಮಾಡುವ ಸಂಖ್ಯೆ) ಕೊಟ್ಟು ಆಟ ಆಡಿಸಬೇಕು. ಆಮೇಲೆ ಅದೇ ಸೀಡ್, ಅವೇ ಗರ, ಆದರೆ ಜಾಗ ಅದಲುಬದಲು. ಎರಡೂ ಕಡೆ ಒಂದೇ ಪ್ರೋಗ್ರಾಂ ಇದ್ದರೆ ಎರಡೂ ಆಟ ಕಾಯಿಗೆ ಕಾಯಿ ಒಂದೇ ಥರ ನಡೆಯಬೇಕು. ಪ್ರತಿ ಜೋಡಿಯೂ 1-1. ಒಂದು ಜೋಡಿ ತಪ್ಪಿದರೂ ನನ್ನ ಏರ್ಪಾಟಿನಲ್ಲೇ ದೋಷ ಇದೆ ಅಂತ ಅರ್ಥ.

ಆ ದೋಷ ಇತ್ತು. 500 ಜೋಡಿ ಆಡಿಸಿದ್ದೆ. ಮೊದಲ ಮುನ್ನೂರು ಚಿಲ್ಲರೆ ಜೋಡಿ ಸರಿಯಾಗಿ 1-1. ಅಲ್ಲಿಂದ ಮುಂದೆ ಹತ್ತಿರ ಹತ್ತಿರ ಅರ್ಧ ಜೋಡಿ 2-0 ಅಥವಾ 0-2. ಅರ್ಧ ಅನ್ನುವುದೇ ಸುಳಿವು ಕೊಟ್ಟಿತು. ಸಂಬಂಧವೇ ಇಲ್ಲದ ಎರಡು ಆಟ ಜೋಡಿಸಿದರೆ ಹಾಗೇ ಬರುತ್ತದೆ. ಲಾಗ್ ತೆಗೆದು ನೋಡಿದೆ. ರಾತ್ರಿ ಎರಡೂವರೆಗೆ ಜೋರು ಮಳೆಗೆ ಕರೆಂಟ್ ಹೋಗಿತ್ತು. ಯುಪಿಎಸ್ ಸ್ವಲ್ಪ ಹೊತ್ತು ತಡೆದು ಕೈಬಿಟ್ಟಿತ್ತು. ಬೆಳಿಗ್ಗೆ ನಾನು ಮತ್ತೆ ಶುರು ಮಾಡಿದಾಗ ಸ್ಕ್ರಿಪ್ಟ್ ಜೋಡಿಯ ಎರಡನೇ ಆಟದಿಂದ ಹೊಸ ಸೀಡ್ ತೆಗೆದುಕೊಂಡಿತ್ತು. ಅಲ್ಲಿಂದ ಎಲ್ಲವೂ ಒಂದು ಹೆಜ್ಜೆ ಜಾರಿದ್ದವು. ಎರಡು ಬೇರೆ ಪ್ರೋಗ್ರಾಂಗಳನ್ನೇ ನೇರವಾಗಿ ಆಡಿಸಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಪ್ರತಿ ಆಟದ ಸೀಡ್, ಜಾಗ, ಫಲಿತಾಂಶ ಮೂರನ್ನೂ ಅಲ್ಲಲ್ಲೇ ಫೈಲಿಗೆ ಬರೆಸುತ್ತೇನೆ. ಮಲೆನಾಡಿನಲ್ಲಿ ಆಷಾಢದಲ್ಲಿ ಪ್ರಯೋಗ ಮಾಡುವವರು ಇದನ್ನು ಬಿಡಲೇಬಾರದು.

ಅದಾದ ಮೇಲೆ ಒಂದು ಕಡೆ ಮುಂದಿನ ನಡೆ ನೋಡದೆ ಆಡುವ ಸೆಟ್ಟಿಂಗ್, ಇನ್ನೊಂದು ಕಡೆ ಎರಡು ನಡೆ ಮುಂದೆ ನೋಡುವ ಸೆಟ್ಟಿಂಗ್. ಎಷ್ಟೋ ರಾತ್ರಿ ಹಿಡಿಯಿತು. ಮುಂದೆ ನೋಡುವ ಕಡೆಯೇ ಗೆದ್ದಿತು, ಅದೂ ಅದೃಷ್ಟದ ಮಿತಿ ದಾಟಿ.

ಆದರೆ ಗೆದ್ದಿತು ಅಂದರೆ ಹೇಳುವುದೆಲ್ಲ ಸರಿ ಅಂತಲ್ಲ. ಎರಡೂ ಕಡೆ ಒಂದೇ ತಪ್ಪು ತಿಳಿವಳಿಕೆ ಇದ್ದರೆ ಸ್ಕೋರು ಅದನ್ನು ತೋರಿಸುವುದೇ ಇಲ್ಲ. ಹೊರಗಿನ ಸತ್ಯ ಒಂದು ಬೇಕು. ಅದು ಸಿಗುವುದು ಆಟದ ಕೊನೆಯಲ್ಲಿ, ಕಾಯಿ ಹೊರತೆಗೆಯುವಾಗ. ಅಲ್ಲಿ ಕರಾರುವಾಕ್ ಉತ್ತರ ಇದೆ.

ಜಗಲಿಯಲ್ಲಿ ಮಾವನ ಮುಂದೆ ಎರಡೇ ಕಾಯಿ ಇಟ್ಟೆ. ಒಂದು ಆರನೇ ಮನೆ, ಒಂದು ಒಂದನೇ ಮನೆ. ಒಂದೇ ಗರದಲ್ಲಿ ಎರಡೂ ಹೊರಗೆ ಬರುವ ಸಾಧ್ಯತೆ ಎಷ್ಟು? ಇಬ್ಬರೂ ಒಂದೊಂದೇ ಗರ ಇಟ್ಟು ಎಣಿಸಿದೆವು. 36ರಲ್ಲಿ 15. ನಾಲ್ಕು ಮತ್ತು ಮೂರಕ್ಕೆ ಇಟ್ಟರೆ 17. ಐದು ಮತ್ತು ಎರಡಕ್ಕೆ 19. ಮೂರರಲ್ಲೂ ಒಟ್ಟು ದೂರ ಏಳೇ. ಮಾವ ಕಾಯಿ ಎತ್ತಿ ಮತ್ತೆ ಮತ್ತೆ ಇಟ್ಟು ನೋಡಿದರು. ಎರಡೂ ಕಡೆ ಹೆಚ್ಚೆಂದರೆ ಆರಾರು ಕಾಯಿ, ಅವೂ ತಮ್ಮ ಕೊನೆಯ ಆರು ಮನೆಗಳೊಳಗೆ ಉಳಿದಿರುವ ಇಂಥ 8,53,776 ಸ್ಥಿತಿಗಳಿವೆ. ಕಂಪ್ಯೂಟರ್ ಎಲ್ಲವನ್ನೂ ಕರಾರುವಾಕ್ಕಾಗಿ ಲೆಕ್ಕ ಹಾಕಬಲ್ಲದು. ಪ್ರೋಗ್ರಾಂ ಅಂದಾಜನ್ನು ನಾನು ಮೊದಲು ಅಳೆದದ್ದು ಇದರ ಮೇಲೆ.

ಆಟದ ನಡುವೆ ಅಂಥ ಉತ್ತರ ಇಲ್ಲ. ಅಲ್ಲಿ “ಶೇ 70” ಅಂದ ಸ್ಥಿತಿಗಳನ್ನು ಒಟ್ಟು ಮಾಡಿ, ಕೊನೆಗೆ ನಿಜವಾಗಿ ಎಷ್ಟು ಗೆದ್ದವು ಅಂತ ನೋಡಿದೆ. ಮೊದಲ ಸಲ ಒಂದೊಂದು ಆಟದಿಂದ ಸಿಕ್ಕಷ್ಟು ಸ್ಥಿತಿ ಬಾಚಿಕೊಂಡಿದ್ದೆ. ಅದು ತಪ್ಪು. ಒಂದೇ ಆಟದ ಇಪ್ಪತ್ತು ಸ್ಥಿತಿಗೆ ಫಲಿತಾಂಶ ಒಂದೇ, ಸಾಕ್ಷಿಯೂ ಒಂದೇ. ಈಗ ಒಂದು ಆಟಕ್ಕೆ ಒಂದೇ ಸ್ಥಿತಿ ಆರಿಸುತ್ತೇನೆ.

ಇನ್ನೂ ಒಂದು ಮೂಲೆ ಉಳಿದಿದೆ. ಎದುರಾಳಿಯ ಕೊನೆಯ ಆರು ಮನೆಗಳೊಳಗೆ ಎರಡು ಜಾಗ ಹಿಡಿದು, ಹೊಡೆಯಲು ಕಾದು ಕೂರುವ ಆಟ. ಮಾಮೂಲಿ ಶುರುವಿನಿಂದ ಆಡಿಸಿದರೆ ಇದು ಅಪರೂಪಕ್ಕೆ ಬರುತ್ತದೆ, ಹಾಗಾಗಿ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಮಾವನಿಗೆ ಈ ಆಟ ಬಹಳ ಇಷ್ಟ. ಹೋದ ವಾರ ಅವರು ಬೋರ್ಡಿನ ಫೋಟೊ ಕಳಿಸಿ, “ಇದು ನಾನು ಗೆಲ್ಲೋ ಆಟ, ಯಂತ್ರ ಸೋಲು ಅಂತದೆ, ಆಡಿಸಿ ನೋಡೋ” ಅಂದರು. ಆ ಸ್ಥಿತಿಯಿಂದಲೇ 2,000 ಜೋಡಿ ಹಾಕಿದ್ದೇನೆ. ಒಂದು ಕಡೆ ಎರಡು ನಡೆ ಮುಂದೆ ನೋಡುವುದು, ಇನ್ನೊಂದು ಕಡೆ ನೋಡದ್ದು. ಇವತ್ತು ಬೆಳಿಗ್ಗೆಗೆ 640 ಮುಗಿದಿವೆ.